ಬಸವನಹುಳು ಹಿಡಿಯಲು ಮಳೆಗಾಲಕ್ಕೆ ಕಾಯಬೇಡಿ

ಜೂನ್ ತಿಂಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧ ಬಸವನಹುಳುವಿನದ್ದೇ. ಬಸಳೆ ಚಪ್ಪರ ಬೋಳಾಯಿತು, ಹರಿವೆ ಮಡಿಯಲ್ಲಿ ದಂಟು ಮಾತ್ರ ಉಳಿದಿದೆ, ಪಪ್ಪಾಯಿ ಸಸಿಗೆ ತುದಿಯೇ ಇಲ್ಲ, ಏನು ಹಾಕುವುದು ಅಕ್ಕಾ ಅಂತ. ಹಾಕುವುದಕ್ಕೆ ಬೇಕಾದಷ್ಟಿದೆ. ಆದರೆ ಜೂನಿನಲ್ಲಿ ಕೇಳಿದರೆ ಒಳ್ಳೆಯ ಸಮಯ ಆಗಲೇ ಕಳೆದಿರುತ್ತದೆ. ಈ ಹುಳುವಿನ ಕೆಲಸ ಮುಗಿಸಬೇಕಾದದ್ದು ಮಾರ್ಚ್‌ನಿಂದ ಮೇ ತನಕ, ಅದು ನಿದ್ದೆಯಲ್ಲಿರುವಾಗ. ಯಾಕೆ ಅಂತ ತಿಳಿಯಬೇಕಾದರೆ ಬಿಸಿಲಿಗೆ, ಚಳಿಗೆ ಅದರ ಮೈಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು. ಅದು ಗೊತ್ತಾದರೆ ಯಾವಾಗ ಏನು ಮಾಡಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಪೆಟ್ ತೊಳೆಯುತ್ತಾ, ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಾ ನಿವೃತ್ತಿಯಾದವಳು. ಈಗ ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ ಮನೆ. ಹಿಂದೆ ಅಡಿಕೆ ತೋಟ, ಅಂಗಳದ ಬದಿಯಲ್ಲಿ ಒಂದಷ್ಟು ಮಲ್ಲಿಗೆ ಗಿಡ, ಬಾವಿಕಟ್ಟೆಯ ಹತ್ತಿರ ಬಸಳೆ ಚಪ್ಪರ. ನಮ್ಮೂರಿನವರಿಗೆ ಮಲ್ಲಿಗೆ ಮೇಲೆ ಪ್ರೀತಿ, ಬಸವನಹುಳುವಿಗೆ ಬಸಳೆ ಮೇಲೆ.

ಮೊದಲು ಯಾವ ಹುಳು ಅಂತ ನೋಡಿಕೊಳ್ಳಿ

ನಾವು ಹಿಡಿಯಬೇಕಾದದ್ದು ಆಫ್ರಿಕಾದ ದೈತ್ಯ ಬಸವನಹುಳುವನ್ನು ಮಾತ್ರ. ಉದ್ದನೆಯ ಚೂಪು ಚಿಪ್ಪು, ಕಂದು ಬಣ್ಣ, ಮೇಲೆ ಕಡು ಪಟ್ಟೆಗಳು, ಬೆಳೆದದ್ದು ಕೈಬೆರಳಿಗಿಂತ ದೊಡ್ಡದು. ಪೂರ್ವ ಆಫ್ರಿಕಾದ ಈ ಹುಳು ಭಾರತಕ್ಕೆ ತಾನಾಗಿ ಬಂದದ್ದಲ್ಲ. ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ, ಚಿಪ್ಪುಗಳ ಹುಚ್ಚಿದ್ದವನು, 1847ರಲ್ಲಿ ಮಾರಿಷಸ್‌ನಿಂದ ತಂದು ಕೋಲ್ಕತ್ತದ ತೋಟವೊಂದರಲ್ಲಿ ಬಿಟ್ಟ. ಅಲ್ಲಿಂದ ಗಿಡ, ಮಣ್ಣು, ಗೊಬ್ಬರದ ಲೋಡಿನ ಜೊತೆ ಊರೂರು ಸುತ್ತಿ ನಮ್ಮ ಹಿತ್ತಲಿಗೂ ಬಂತು.

ಗದ್ದೆ ಮತ್ತು ಕೆರೆಯಲ್ಲಿ ಸಿಗುವ ಗುಂಡನೆಯ ನರ್ತೆ ಬೇರೆ. ಅದಕ್ಕೆ ಪಾದಕ್ಕೇ ಅಂಟಿಕೊಂಡ ಗಟ್ಟಿ ಮುಚ್ಚಳ ಇರುತ್ತದೆ. ಅದನ್ನು ಬಿಟ್ಟುಬಿಡಿ. ಘಟ್ಟದ ಬುಡದವರಿಗೆ, ಆಗುಂಬೆ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕೆಂಪು ಅಥವಾ ಹಳದಿ ಮೈಯ, ಮೈಗೆ ಸಾಲದಷ್ಟು ಪುಟ್ಟ ಚಿಪ್ಪಿನ ಬಸವನಹುಳು ಕಂಡರೆ ಅದು ಇಂಡ್ರೆಲ್ಲಾ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಫೋಟೋ ತೆಗೆದು ದಾರಿ ಬಿಡಿ.

ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಆಫ್ರಿಕನ್ ಬಸವನಹುಳುವಿನ ಮೈಯಲ್ಲಿ ಇಲಿಯ ಶ್ವಾಸಕೋಶದ ಹುಳುವಿನ ಮರಿಗಳು ಇರಬಹುದು. ಅವು ನಮ್ಮ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ಬರಬಹುದು. ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿಕೊಳ್ಳಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಹಿತ್ತಲಿನ ಬಸಳೆ, ಹರಿವೆ ಎಲೆಗಳನ್ನು ಒಂದೊಂದಾಗಿ ತೊಳೆದು, ಬೇಯಿಸಿಯೇ ತಿನ್ನಿ.

ಬಿಸಿಲು ಏರಿದಾಗ ಒಳಗೆ ನಡೆಯುವುದು

ನಮ್ಮ ಮೈ ಮಾಘದಲ್ಲೂ ವೈಶಾಖದಲ್ಲೂ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಸವನಹುಳುವಿಗೆ ಆ ಸೌಲಭ್ಯ ಇಲ್ಲ. ಕೂತ ಜಾಗ ಎಷ್ಟು ಬಿಸಿಯೋ ಮೈಯೂ ಅಷ್ಟೇ ಬಿಸಿ. ಹೊರಗೆ 10 ಡಿಗ್ರಿ ಏರಿದರೆ ಮೈಯೊಳಗಿನ ರಾಸಾಯನಿಕ ಕ್ರಿಯೆಗಳು ಎರಡರಿಂದ ಮೂರು ಪಟ್ಟು ವೇಗವಾಗುತ್ತವೆ. ಕೆಲಸ ವೇಗವಾದರೆ ಆಮ್ಲಜನಕ ಜಾಸ್ತಿ ಬೇಕು. ಅದಕ್ಕೆ ಮೈಯ ಬದಿಯಲ್ಲಿರುವ ಉಸಿರಿನ ರಂಧ್ರ ಜಾಸ್ತಿ ಹೊತ್ತು ತೆರೆದಿರಬೇಕು. ತೆರೆದಷ್ಟು ಹೊತ್ತೂ ಅಲ್ಲಿಂದ ನೀರು ಆವಿಯಾಗುತ್ತದೆ.

ಇನ್ನೊಂದು ಕಷ್ಟ ರಕ್ತದ್ದು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೋಗ್ಲೋಬಿನ್. ಇದರ ರಕ್ತದಲ್ಲಿ ಆ ಕೆಲಸಕ್ಕೆ ತಾಮ್ರ ಇರುವ ಹೀಮೋಸಯನಿನ್. ಆಮ್ಲಜನಕ ಸೇರಿದಾಗ ರಕ್ತಕ್ಕೆ ತಿಳಿ ನೀಲಿ ಬಣ್ಣ ಬರುತ್ತದೆ. ಬಿಸಿ ಏರಿದಷ್ಟೂ ಹೀಮೋಸಯನಿನ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಬಲ ಕಡಿಮೆ. ಅಂದರೆ ಮೈ ಜಾಸ್ತಿ ಕೇಳುವ ಹೊತ್ತಿಗೇ ರಕ್ತ ಕೈಕೊಡುತ್ತದೆ. ನಡೆದಾಡುವುದೂ ದುಬಾರಿ. ಅದು ನೆಲಕ್ಕೆ ಬಿಡುವ ಲೋಳೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ.

ಹೀಗಾಗಿ ಫೆಬ್ರವರಿ ಕಳೆದು ನೆಲ ಒಣಗುತ್ತಾ ಬಂದರೆ ಅದು ಬಾಗಿಲು ಹಾಕುತ್ತದೆ. ಚಿಪ್ಪಿನೊಳಗೆ ಸರಿದು ಬಾಯಿಗೆ ಅಡ್ಡವಾಗಿ ಲೋಳೆ ಮತ್ತು ಸುಣ್ಣ ಸೇರಿದ ಬಿಳಿ ಪೊರೆ ಕಟ್ಟುತ್ತದೆ. ಆಫ್ರಿಕನ್ ಬಸವನಹುಳು ಸುಮಾರು 9ರಿಂದ 29 ಡಿಗ್ರಿಯ ನಡುವೆ ಓಡಾಡಿಕೊಂಡಿರುತ್ತದೆ. 30 ದಾಟಿ ಒಣ ಹವೆಯೂ ಸೇರಿದರೆ ಬೇಸಿಗೆ ನಿದ್ದೆ. ನಮ್ಮ ಕರಾವಳಿಯಲ್ಲಿ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ 32ರಿಂದ 35 ಇದ್ದೇ ಇರುತ್ತದೆ. ಸೆಕೆ ಎಷ್ಟೇ ಇದ್ದರೂ ನೆಲ ಒಣಗಿರುವುದರಿಂದ ಅದು ಏಳುವುದಿಲ್ಲ.

ನಿದ್ದೆ ಅಂದರೆ ಸುಮ್ನೆ ಮಲಗುವುದಲ್ಲ. ಜೀವಕೋಶದೊಳಗೆ ಎಲ್ಲ ಕೆಲಸವನ್ನೂ ತಗ್ಗಿಸಬೇಕು. ಮೆಡಿಟರೇನಿಯನ್ ಕಡೆಯ ಒಟಾಲಾ ಎಂಬ ನೆಲದ ಬಸವನಹುಳುವಿನಲ್ಲಿ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಸಕ್ಕರೆ ಒಡೆಯುವ ದಾರಿಯಲ್ಲಿ ಪೈರುವೇಟ್ ಕೈನೇಸ್ ಅಂತ ಒಂದು ಕಿಣ್ವ ಇದೆ. ನಿದ್ದೆಗೆ ಹೋಗುವಾಗ ಮೈ ಅದಕ್ಕೊಂದು ಫಾಸ್ಫೇಟ್ ತುಂಡು ಅಂಟಿಸುತ್ತದೆ. ಕಿಣ್ವ ಹಾಳಾಗುವುದಿಲ್ಲ, ಕೆಲಸ ಮಾತ್ರ ನಿಧಾನ. ಏಳುವಾಗ ಆ ತುಂಡನ್ನು ತೆಗೆದರೆ ಮುಗಿಯಿತು. ಹೊಸ ಕಿಣ್ವ ಮಾಡುವ ಖರ್ಚಿಲ್ಲ, ಕಾಯುವ ಕೆಲಸವೂ ಇಲ್ಲ. ಮಳೆ ಬಿದ್ದ ಸ್ವಲ್ಪ ಹೊತ್ತಿಗೇ ಹಿತ್ತಲಿಡೀ ಹುಳು ಹೇಗೆ ಬಂತು ಅಂತ ಆಶ್ಚರ್ಯಪಡುತ್ತೀರಲ್ಲ, ಗುಟ್ಟು ಇಲ್ಲಿದೆ. ನಿದ್ದೆಯಲ್ಲಿ ಒಟಾಲಾ ಬಳಸುವ ಆಮ್ಲಜನಕ ಎಚ್ಚರದಲ್ಲಿ ಬಳಸುವುದರ ಮೂರನೇ ಒಂದು ಭಾಗಕ್ಕೂ ಕಡಿಮೆ.

ಉಸಿರಾಟವೂ ಲೆಕ್ಕಾಚಾರದ್ದು. ರಂಧ್ರವನ್ನು ಯಾವಾಗಲೋ ಒಮ್ಮೆ ತೆರೆದು ಮತ್ತೆ ಮುಚ್ಚುತ್ತದೆ. ಮುಚ್ಚಿದ ಹೊತ್ತಿನಲ್ಲಿ ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರುತ್ತದೆ, ರಕ್ತ ಹುಳಿಯಾಗುತ್ತಾ ಹೋಗುತ್ತದೆ. ಲ್ಯಾಬಿನಲ್ಲಿ ಆಮ್ಲ ಚೆಲ್ಲಿದರೆ ನಾವು ಸುಣ್ಣದ ಪುಡಿ ಸುರಿಯುತ್ತಿದ್ದೆವು. ಬಸವನಹುಳು ಸುಣ್ಣವನ್ನು ಬೆನ್ನ ಮೇಲೇ ಹೊತ್ತಿದೆ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಿಂದ ಸ್ವಲ್ಪ ಕರಗಿಸಿ ರಕ್ತದ ಹುಳಿ ತಗ್ಗಿಸಿಕೊಳ್ಳುತ್ತದೆ. ಕರಗಿದ್ದನ್ನು ಮಳೆಗಾಲದಲ್ಲಿ ಮತ್ತೆ ತುಂಬಿಸಬೇಕು. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಮಳೆಗೆ ತೊಳೆದು ತೊಳೆದು ಸುಣ್ಣದ ಅಂಶ ಕಡಿಮೆ. ಜುಲೈ ರಾತ್ರಿ ಸುಣ್ಣ ಬಳಿದ ಗೋಡೆಯ ಮೇಲೆ ಸಾಲುಗಟ್ಟಿ ಕೂತು ಕೆರೆಯುವುದನ್ನು ನೀವು ನೋಡಿರಬಹುದು. ಅದು ಗೋಡೆಯಿಂದ ಕ್ಯಾಲ್ಸಿಯಂ ವಸೂಲಿ.

ಎಚ್ಚರದಲ್ಲಿರುವಾಗ ತಿಂದ ಪ್ರೋಟೀನಿನ ಕಸ ಹೊರಹಾಕಲು ನೀರು ಬೇಕು. ಅಮೋನಿಯಾ ವಿಷ, ಅದನ್ನು ತೆಳ್ಳಗೆ ಮಾಡಿ ಹೊರಬಿಡಲು ಧಾರಾಳ ನೀರಿರಬೇಕು. ನಿದ್ದೆಯಲ್ಲಿ ಆ ಐಷಾರಾಮ ಇಲ್ಲ. ಅದಕ್ಕೇ ಕಸವನ್ನು ಯೂರಿಕ್ ಆಮ್ಲದಂಥ ಕರಗದ ಬಿಳಿ ವಸ್ತುಗಳಾಗಿ ಬದಲಿಸಿ ಮೂತ್ರಪಿಂಡದಲ್ಲಿ ತುಂಬಿಟ್ಟುಕೊಳ್ಳುತ್ತದೆ. ಹಲ್ಲಿ ಹಿಕ್ಕೆಯ ಬಿಳಿ ತುದಿ ಇದೆಯಲ್ಲ, ಅದೂ ಇದೇ ವಸ್ತು. ಗದ್ದೆಯ ನರ್ತೆ ಇನ್ನೂ ಜಾಣ. ನೀರಿರುವಾಗ ಅಮೋನಿಯಾ ಬಿಡುತ್ತದೆ. ಗದ್ದೆ ಒಣಗಿ ಕೆಸರಿನೊಳಗೆ ಹುದುಗಿದ ಮೇಲೆ ಯೂರಿಕ್ ಆಮ್ಲಕ್ಕೆ ಬದಲಾಗುತ್ತದೆ.

ಮಲಗಿರುವಾಗ ಊಟ ಅಂದರೆ ಮೊದಲು ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು. ಅದು ಮುಗಿಯುತ್ತಾ ಬಂದರೆ ತನ್ನದೇ ಪ್ರೋಟೀನ್. ಬಿಸಿ ಇನ್ನೂ ಏರಿ ಪ್ರೋಟೀನುಗಳ ಮಡಿಕೆ ಬಿಚ್ಚಿಕೊಳ್ಳುವ ಹಂತ ಬಂದರೆ ಅವನ್ನು ಹಿಡಿದು ಸರಿಪಡಿಸುವ ಕಾವಲು ಪ್ರೋಟೀನುಗಳನ್ನು ತಯಾರಿಸುತ್ತದೆ. ಅದಕ್ಕೂ ಖರ್ಚಿದೆ. ಹೀಗೆ ಮೇ ಕೊನೆಗೆ ಬರುವಾಗ ನಿಮ್ಮ ಕೈಗೆ ಸಿಗುವ ಹುಳು ಒಣಗಿ, ಹಸಿದು, ಕಸ ತುಂಬಿಕೊಂಡು ಹಗುರವಾಗಿರುತ್ತದೆ. ಓಡುವುದಿಲ್ಲ, ಅಡಗುವುದಿಲ್ಲ, ಮೊಟ್ಟೆಯನ್ನೂ ಇಟ್ಟಿರುವುದಿಲ್ಲ. ಹಿಡಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಇನ್ನೂ ಬಿಸಿಯಾದರೆ ಸತ್ತೇ ಹೋಗುವುದಿಲ್ಲವಾ ಅಂತ ಕೇಳುವವರಿದ್ದಾರೆ. ಬಿಸಿಲನ್ನು ನಂಬಬೇಡಿ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ನೆಲ 65 ಡಿಗ್ರಿ ಮುಟ್ಟುವ ಕಡೆ ಬಿಳಿ ಚಿಪ್ಪಿನ ಒಂದು ಬಸವನಹುಳು ಬೇಸಿಗೆಯಿಡೀ ಬಯಲಲ್ಲೇ ಮಲಗುತ್ತದೆ. ಮೈ 50 ಡಿಗ್ರಿ ಆಗುವ ತನಕ ಅದಕ್ಕೆ ಏನೂ ಆಗುವುದಿಲ್ಲ. ಬ್ರೂನೈ ತೀರದ ಬಂಡೆಗಳ ಪುಟ್ಟ ಬಸವನಹುಳು 35 ದಾಟಿದ ಮೇಲೆ ಇನ್ನೂ ಬಿಸಿಯಾದಷ್ಟೂ ಮೈಯ ಕೆಲಸ ತಗ್ಗಿಸಿಕೊಂಡು 55ರ ಹತ್ತಿರದವರೆಗೂ ಬದುಕುತ್ತದೆ. ಕಾಪು ದೀಪಸ್ತಂಭದ ಬಂಡೆಗೆ ಬೇಸಿಗೆ ಮಧ್ಯಾಹ್ನ ಹೋದರೆ ಬಿರುಕುಗಳಲ್ಲಿ ಸಾಸಿವೆ, ಮೆಣಸಿನ ಕಾಳಿನ ಗಾತ್ರದವು ಕೂತಿರುವುದನ್ನು ನೋಡಿ. ಬರಿಗಾಲಲ್ಲಿ ನಿಲ್ಲಲು ನಮಗೆ ಆಗುವುದಿಲ್ಲ, ಅವು ಅಲ್ಲೇ ಇರುತ್ತವೆ. ನಮ್ಮ ಹಿತ್ತಲಿನ ಆಫ್ರಿಕನ್ ಅಷ್ಟು ಗಟ್ಟಿಯಲ್ಲ, ಆದರೆ ಬಿಸಿಲಿಗೆ ಬಂದು ಕೂರುವಷ್ಟು ಪೆದ್ದೂ ಅಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ 1846ರಲ್ಲಿ ಸತ್ತದ್ದೆಂದು ರಟ್ಟಿಗೆ ಅಂಟಿಸಿಟ್ಟ ಮರುಭೂಮಿಯ ಬಸವನಹುಳುವೊಂದು 1850ರಲ್ಲಿ ಬೆಚ್ಚಗಿನ ನೀರು ತಾಗಿದಾಗ ಎದ್ದು ನಡೆಯಿತು. ಚಿಪ್ಪು ಅಲುಗಾಡುತ್ತಿಲ್ಲ ಅಂತ ಕಸದ ಗುಂಡಿಗೆ ಎಸೆಯುವವರು ಇದನ್ನು ನೆನಪಿಡಿ.

ಎಲ್ಲಿ ಹುಡುಕಬೇಕು

ಅಡಿಗೆಮನೆಯ ಥರ್ಮಾಮೀಟರ್ ಇದ್ದರೆ ಮಧ್ಯಾಹ್ನ ಎರಡು ಗಂಟೆಗೆ ಹಿತ್ತಲು ಸುತ್ತಿ. ಅಂಗಳದ ಸಿಮೆಂಟಿನ ಮೇಲೆ ಇಟ್ಟರೆ 50 ದಾಟುವುದು ಕಷ್ಟವಿಲ್ಲ. ಅಡಿಕೆ ಸೋಗೆಯ ರಾಶಿಯ ಅಡಿಯಲ್ಲಿ ಇಟ್ಟರೆ 30ರ ಆಸುಪಾಸು. ಎಲ್ಲಿ ಕಡಿಮೆ ತೋರಿಸುತ್ತದೋ ಅಲ್ಲೇ ನಿಮ್ಮ ಹುಳು.

ನನ್ನ ಅನುಭವದಲ್ಲಿ ಮೊದಲ ಜಾಗ ಕೆಂಪುಕಲ್ಲಿನ ಕಾಂಪೌಂಡಿನ ಸಂದಿ. ಗಾರೆ ಉದುರಿದ ಕಡೆ ಕೈ ಹೋಗುವಷ್ಟು ಜಾಗ ಇದ್ದರೆ ಒಂದರ ಮೇಲೊಂದು ಕೂತಿರುತ್ತವೆ. ಆಮೇಲೆ ಹಳೆ ಹೆಂಚಿನ ರಾಶಿ. ಮನೆ ರಿಪೇರಿಯ ನಂತರ ಎಂದಾದರೂ ಬೇಕಾಗುತ್ತದೆ ಅಂತ ಹಿತ್ತಲಲ್ಲಿ ಪೇರಿಸಿಡದ ಮನೆ ನಮ್ಮ ಕಡೆ ಇಲ್ಲ. ಒಂದೊಂದೇ ಎತ್ತಿ ನೋಡಿ, ಹಾವು ಚೇಳು ಇರಬಹುದು, ಕೋಲು ಹಿಡಿದುಕೊಳ್ಳಿ. ತೆಂಗಿನ ಮಡಲು, ಅಡಿಕೆ ಹಾಳೆ, ಕಟ್ಟಿಗೆ ಕೊಟ್ಟಿಗೆಯ ಮೂಲೆ, ಗೊಬ್ಬರ ಗುಂಡಿಯ ಅಂಚು, ಬಾಳೆಯ ಒಣ ಗರಿಯ ಮಡಿಕೆ, ಬಚ್ಚಲ ನೀರು ಹೋಗುವ ಕಡೆಯ ಕಲ್ಲಿನಡಿ. ಬಚ್ಚಲ ನೀರಿನ ಹತ್ತಿರದವು ಪೂರ್ತಿ ಮಲಗಿರುವುದಿಲ್ಲ. ಬೇಸಿಗೆಯಲ್ಲೂ ರಾತ್ರಿ ಎದ್ದು ಬಸಳೆಗೆ ಬರುವವು ಇವೇ.

ಉತ್ತರದ ಗೋಡೆ ಯಾವಾಗಲೂ ತಂಪು, ಅಲ್ಲಿ ಹುಡುಕಿ ಅಂತ ಕೆಲವರು ಹೇಳುತ್ತಾರೆ. ಅದು ಬಡಗಣ ದೇಶಗಳ ಲೆಕ್ಕ. ನಮ್ಮಲ್ಲಿ ಏಪ್ರಿಲ್ 24, 25ಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಮಂಗಳೂರಲ್ಲೂ ಉಡುಪಿಯಲ್ಲೂ ನೆರಳಿಲ್ಲದ ದಿನ ಅಂತ ಮಕ್ಕಳಿಗೆ ತೋರಿಸುತ್ತಾರೆ. ಆಮೇಲೆ ಸೂರ್ಯ ಉತ್ತರಕ್ಕೇ ವಾಲುವುದರಿಂದ ಮೇ ತಿಂಗಳಲ್ಲಿ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಪಡುವಣ ಗೋಡೆಯಂತೂ ಸಂಜೆ ತನಕ ಕಾಯುತ್ತದೆ. ಗೋಡೆಯ ದಿಕ್ಕು ಬಿಟ್ಟು ಸಂದಿ ನೋಡಿ.

ಮಲಗಿದೆಯೋ ಸತ್ತಿದೆಯೋ

ಚಿಪ್ಪಿನ ಬಾಯಿಯ ಪೊರೆ ಹರಿಯದೆ ಬಿಗಿಯಾಗಿದ್ದರೆ ಮಲಗಿದೆ. ಗಾತ್ರಕ್ಕೆ ತಕ್ಕ ಭಾರ ಇದ್ದರೆ ಮಲಗಿದೆ. ವಾಸನೆ ಬಂದರೆ ಹೇಳುವುದೇ ಬೇಡ. ಸಂಶಯ ಇದ್ದರೆ ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಭದ್ರ ಮಾಡಿ ಸಂಜೆಗೆ ನೋಡಿ.

ಶಾಲೆಯ ಪ್ರಾಜೆಕ್ಟ್ ಬೇಕು ಅಂತ ಮಕ್ಕಳು ಬಂದರೆ ನಾನು ಹೇಳಿಕೊಡುವುದು ಒಂದೇ. ಎರಡು ಮೂರು ಮಲಗಿದ ಹುಳುಗಳ ಚಿಪ್ಪಿಗೆ ನೈಲ್ ಪಾಲಿಶ್‌ನಲ್ಲಿ ನಂಬರ್ ಹಾಕಿ. ಸಣ್ಣ ತೂತು ಮಾಡಿದ ಡಬ್ಬಿಯಲ್ಲಿಟ್ಟು ನೆರಳಲ್ಲಿ ಇಡಿ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ, ಅಡಿಗೆಗೆ ಬಳಸುವ ತಕ್ಕಡಿ ಬೇಡ. ತೂಕ ಮೆಲ್ಲಗೆ ಇಳಿಯುತ್ತದೆ, ಹೋದದ್ದು ಬಹುಪಾಲು ನೀರು. ಕೊನೆಗೆ ಒದ್ದೆ ಬಟ್ಟೆಯ ಮೇಲೆ ಇಟ್ಟು ಎಬ್ಬಿಸಿ ಮತ್ತೆ ತೂಗಿದರೆ ಕಳೆದುಕೊಂಡದ್ದರಲ್ಲಿ ಎಷ್ಟನ್ನು ಎಷ್ಟು ಬೇಗ ಹೀರಿಕೊಂಡಿತು ಅಂತ ಗೊತ್ತಾಗುತ್ತದೆ. ಬಿಸಿಲಲ್ಲಿಟ್ಟು ಎಷ್ಟು ಹೊತ್ತಿಗೆ ಸಾಯುತ್ತದೆ ಅಂತ ನೋಡುವುದು ಪ್ರಾಜೆಕ್ಟ್ ಅಲ್ಲ, ಹಿಂಸೆ. ಅದಕ್ಕೆ ನನ್ನ ಹತ್ತಿರ ಬರಬೇಡಿ.

ಹಿಡಿದದ್ದನ್ನು ಏನು ಮಾಡುವುದು

ಪಕ್ಕದ ಮನೆಯ ಬಾಯಮ್ಮ ಮಲಗಿದ ಹುಳುಗಳ ಮೇಲೆ ಉಪ್ಪು ಸುರಿಯುತ್ತಿದ್ದರು. ಪೊರೆ ಕಟ್ಟಿ ಕೂತದ್ದಕ್ಕೆ ಉಪ್ಪು ಮೈಗೆ ತಾಗುವುದೇ ಇಲ್ಲ. ಉಪ್ಪು ಕೆಲಸ ಮಾಡುವುದು ಮೈಯ ನೀರನ್ನು ಹೊರಗೆ ಎಳೆದು, ಅದೂ ಒದ್ದೆ ಚರ್ಮಕ್ಕೆ ತಾಗಿದರೆ ಮಾತ್ರ. ಎಚ್ಚರದಲ್ಲಿರುವವನ್ನು ಬಕೆಟಿನ ಗಟ್ಟಿ ಉಪ್ಪುನೀರಿಗೆ ಹಾಕಬಹುದು, ಆದರೆ ನಿಧಾನದ ಸಾವು, ನನಗೆ ಇಷ್ಟವಿಲ್ಲ. ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿದರೆ ಗಿಡವೂ ಹೋಗುತ್ತದೆ. ನೆಲಕ್ಕೆ ಉಪ್ಪು ಎರಚುವುದಂತೂ ಬೇಡವೇ ಬೇಡ.

ನಾನು ಮಾಡುವುದು ಕುದಿಯುವ ನೀರು. ಹಳೆಯ ಹಂಡೆ, ಹಿತ್ತಲ ಒಲೆ, ತಳಮಳ ಕುದಿಯುವ ನೀರಿಗೆ ಒಂದೇ ಸಲ. ಪೊರೆ ಇದ್ದರೂ ಕ್ಷಣದಲ್ಲಿ ಮೈಯ ಪ್ರೋಟೀನ್ ಗಟ್ಟಿಯಾಗುತ್ತದೆ, ಕಾವಲು ಪ್ರೋಟೀನು ತಯಾರಾಗುವಷ್ಟು ಸಮಯವೇ ಸಿಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಹಾಕಿ ಕಾಯಿಸುವುದು ಮಾತ್ರ ಮಾಡಬೇಡಿ.

ಫ್ರಿಡ್ಜ್ ಬಗ್ಗೆ ಕೇಳುತ್ತಾರೆ. ಇಲ್ಲಿ ಚಳಿಯ ಕೆಮಿಸ್ಟ್ರಿ ಬರುತ್ತದೆ. ನಮ್ಮ ಕರಾವಳಿಯ ಚಳಿ ಹುಳುವಿಗೆ ಚಳಿಯೇ ಅಲ್ಲ. ಜನವರಿಯ ಮುಂಜಾನೆ 18, 20 ಡಿಗ್ರಿ, ಅದು ಓಡಾಡುವ ಮಟ್ಟದೊಳಗೇ ಇದೆ. ಆಗ ಅದು ಕಾಣೆಯಾಗಲು ಕಾರಣ ಚಳಿಯಲ್ಲ, ಒಣಗಿದ ನೆಲ ಮತ್ತು ಮೂಡಣ ಗಾಳಿ. ನಿಜವಾದ ಚಳಿಯಲ್ಲಿ ಆಗುವುದು ಬೇರೆ. ಡಿಸೆಂಬರಿನ ಕೆಲವು ಬೆಳಗ್ಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಎಳ್ಳೆಣ್ಣೆ ಆಗುವುದಿಲ್ಲ, ಅಲ್ವಾ? ಜೀವಕೋಶದ ಸುತ್ತಲ ತೆಳು ಪೊರೆಯಲ್ಲೂ ಕೊಬ್ಬು ಇದೆ. ಅದು ಗಟ್ಟಿಯಾದರೆ ಒಳಗೆ ಹೊರಗೆ ಸಾಗಾಟ ನಿಲ್ಲುತ್ತದೆ. ಚಳಿ ದೇಶದ ಜೀವಿಗಳು ಮೆಲ್ಲಗೆ ತಂಪಾಗುವಾಗ ತೆಂಗಿನೆಣ್ಣೆಯ ಜಾತಿಯ ಕೊಬ್ಬು ಕಡಿಮೆ ಮಾಡಿ ಎಳ್ಳೆಣ್ಣೆಯ ಜಾತಿಯದ್ದನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ಯುರೋಪಿನ ದೊಡ್ಡ ಬಸವನಹುಳು ಚಳಿಗಾಲಕ್ಕೆ ಮೊದಲು ಹೊಟ್ಟೆ ಖಾಲಿ ಮಾಡುತ್ತದೆ, ಮೈಯ ನೀರು ಕಡಿಮೆ ಮಾಡುತ್ತದೆ, ಮಣ್ಣಿನೊಳಗೆ ಹೋಗಿ ದಪ್ಪ ಸುಣ್ಣದ ಮುಚ್ಚಳ ಹಾಕುತ್ತದೆ. ಹೊಟ್ಟೆಯಲ್ಲಿ ಆಹಾರದ ಚೂರು ಉಳಿದರೆ ಅದರ ಸುತ್ತ ಮಂಜುಗಡ್ಡೆ ಕಟ್ಟಲು ಶುರುವಾಗುತ್ತದೆ, ಅದಕ್ಕೇ ಈ ಉಪವಾಸ. ಅಟ್ಲಾಂಟಿಕ್ ತೀರದ ಒಂದು ಕಡಲ ಬಸವನಹುಳು ಇನ್ನೂ ಮುಂದೆ ಹೋಗಿದೆ. ಸೊನ್ನೆಗಿಂತ 8 ಡಿಗ್ರಿ ಕೆಳಗೆ ಮೈಯ ನೀರಿನ ಬಹುಪಾಲು ಹೆಪ್ಪುಗಟ್ಟಿದರೂ ಬದುಕುತ್ತದೆ. ಹೆಪ್ಪುಗಟ್ಟಿದ ಮೈಗೆ ಆಮ್ಲಜನಕ ಬರುವುದಿಲ್ಲವಾದ್ದರಿಂದ ಅದಿಲ್ಲದೆಯೇ ಗ್ಲೈಕೋಜನ್ ಒಡೆದು ಸಕ್ಸಿನೇಟ್, ಅಲನೈನ್ ಎಂಬ ವಸ್ತುಗಳನ್ನು ಮಾಡಿಕೊಂಡು ದಿನ ದೂಡುತ್ತದೆ.

ನಮ್ಮ ಆಫ್ರಿಕನ್ ಉಷ್ಣ ದೇಶದ್ದು, ಇಷ್ಟೆಲ್ಲ ತಯಾರಿ ಅದಕ್ಕಿಲ್ಲ. ಆದರೂ ಫ್ರಿಡ್ಜಿನ ಕೆಳಗಿನ ಭಾಗ ಸಾಲದು. ಅಲ್ಲಿ 4 ಡಿಗ್ರಿ, ಈ ಹುಳು 2 ಡಿಗ್ರಿಯಲ್ಲೂ ಮಲಗಿ ಬದುಕಬಲ್ಲದು. ಹೊರಗೆ ತೆಗೆದಿಟ್ಟರೆ ಮತ್ತೆ ನಡೆಯುತ್ತದೆ. ಫ್ರೀಜರಿನಲ್ಲಿ ಎರಡು ಮೂರು ದಿನ ಇಟ್ಟರೆ ಮೈಯ ನೀರು ಮಂಜುಗಡ್ಡೆಯಾಗಿ ಜೀವಕೋಶ ಸೀಳುತ್ತದೆ, ಉಳಿದ ದ್ರವದಲ್ಲಿ ಲವಣ ವಿಪರೀತವಾಗುತ್ತದೆ, ಬದುಕುವುದಿಲ್ಲ. ಬಂಗುಡೆ ಇಟ್ಟ ಫ್ರೀಜರಿನಲ್ಲಿ ಇದನ್ನೂ ಇಡಲು ನನ್ನ ಸೊಸೆ ಬಿಡುವುದಿಲ್ಲ. ಬಿಡಬಾರದು ಕೂಡ. ಬೇರೆ ಹಳೆಯ ಫ್ರೀಜರ್ ಇದ್ದವರಿಗೆ ಮಾತ್ರ ಈ ದಾರಿ.

ಪತ್ತನಾಜೆಯ ನಂತರ

ಮೇ 24ರ ಹೊತ್ತಿಗೆ ಪತ್ತನಾಜೆ, ತುಳುವರ ಬೇಶ ತಿಂಗಳ ಹತ್ತನೇ ದಿನ. ಆಮೇಲೆ ಯಾವ ರಾತ್ರಿ ಬೇಕಾದರೂ ದೊಡ್ಡ ಮಳೆ ಬರಬಹುದು. ಆ ಮೊದಲ ಮಳೆಯ ರಾತ್ರಿ ಹುಳುವಿಗೆ ವರ್ಷದಲ್ಲೇ ಅಪಾಯದ ರಾತ್ರಿ. ತಿಂಗಳುಗಟ್ಟಲೆ ಕಡಿಮೆ ಆಮ್ಲಜನಕದಲ್ಲಿ ಇದ್ದ ಮೈಗೆ ಒಮ್ಮೆಲೇ ಧಾರಾಳ ಆಮ್ಲಜನಕ ನುಗ್ಗುತ್ತದೆ. ಅದರಿಂದ ಹುಟ್ಟುವ ಕೆಟ್ಟ ಅಣುಗಳು ಕೊಬ್ಬು, ಪ್ರೋಟೀನು, ಡಿಎನ್ಎ ಎಲ್ಲವನ್ನೂ ಸುಡುತ್ತವೆ. ಒಟಾಲಾದಂಥವು ಅದಕ್ಕೆ ಮಲಗಿರುವಾಗಲೇ ತಯಾರಿ ಮಾಡಿಕೊಂಡಿರುತ್ತವೆ. ಆ ಅಣುಗಳನ್ನು ಅಡಗಿಸುವ ಕಿಣ್ವಗಳನ್ನು ನಿದ್ದೆಯಲ್ಲೇ ಜಾಸ್ತಿ ಮಾಡಿಟ್ಟುಕೊಳ್ಳುತ್ತವೆ.

ನಮಗೆ ಬೇಕಾದದ್ದು ಇಷ್ಟು. ಎದ್ದ ಹುಳುವಿಗೆ ಮೊದಲು ನೀರು, ಆಮೇಲೆ ಊಟ. ಹಸಿವು ಜೋರಾಗಿದೆ, ಸುತ್ತ ಚಿಗುರು ಇನ್ನೂ ಬಂದಿಲ್ಲ. ಮಳೆ ಬರುವ ಲಕ್ಷಣ ಕಂಡ ಸಂಜೆ ಗೋಣಿಚೀಲ ಒದ್ದೆ ಮಾಡಿ ಬಸಳೆ ಚಪ್ಪರದ ಹತ್ತಿರ, ಕಾಂಪೌಂಡಿನ ಬುಡದಲ್ಲಿ ಹಾಸಿ. ಒಳಗೆ ಪಪ್ಪಾಯಿ ಎಲೆ, ಹಣ್ಣಿನ ಸಿಪ್ಪೆ, ಕ್ಯಾಬೇಜಿನ ಹೊರ ಎಲೆ ಇಡಿ. ರಾತ್ರಿ ಟಾರ್ಚ್ ಹಿಡಿದು ಒಮ್ಮೆ, ಬೆಳಗ್ಗೆ ಬಿಸಿಲಿಗೆ ಮೊದಲು ಒಮ್ಮೆ ಚೀಲ ಎತ್ತಿ ನೋಡಿ. ಬೇಸಿಗೆಯಲ್ಲಿ ನಿಮ್ಮ ಕೈ ತಪ್ಪಿಸಿಕೊಂಡವು ಇಲ್ಲಿ ಸಿಗುತ್ತವೆ. ನೆರೆಮನೆಯವರೂ ಅದೇ ವಾರ ಮಾಡಿದರೆ ಮಾತ್ರ ಪ್ರಯೋಜನ, ಹುಳುವಿಗೆ ಬೇಲಿ ಗೊತ್ತಿಲ್ಲ.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಕಾಳಿನ ಬಗ್ಗೆಯೂ ಹವೆ ನೋಡಿಯೇ ತೀರ್ಮಾನ ಮಾಡಬೇಕು. ಅದು ಹೊಟ್ಟೆಯಲ್ಲಿ ಒಡೆದು ಲೋಳೆ ಮಾಡುವ ಜೀವಕೋಶಗಳನ್ನು ಕೆಡಿಸುತ್ತದೆ. ಹುಳು ವಿಪರೀತ ಲೋಳೆ ಬಿಟ್ಟು ಒಣಗಿ ಸಾಯುತ್ತದೆ. ಗಮನಿಸಿ, ಒಣಗಿ. ಜುಲೈಯ ಧಾರಾಕಾರ ಮಳೆಯಲ್ಲಿ ಹಾಕಿದರೆ ಕಳೆದುಕೊಂಡ ನೀರನ್ನು ಮೈ ಪೂರ್ತಿ ಮತ್ತೆ ಹೀರಿಕೊಂಡು ಎದ್ದು ಹೋಗುತ್ತದೆ. ಕಾಳೂ ಕರಗುತ್ತದೆ, ದುಡ್ಡೂ ಕರಗುತ್ತದೆ. ಮಳೆ ಬಿಡುವು ಕೊಟ್ಟು ಎರಡು ದಿನ ಬಿಸಿಲು ಬರುವ ಹಾಗಿದ್ದರೆ ಮಾತ್ರ ಹಾಕಿ. ನಾಯಿ, ಬೆಕ್ಕು, ಕೋಳಿ, ದನ ಇರುವ ಮನೆಯವರು ಹಾಕಲೇಬೇಡಿ, ಅವಕ್ಕೂ ವಿಷ. ಕಬ್ಬಿಣದ ಫಾಸ್ಫೇಟ್ ಇರುವ ಕಾಳು ಸಿಕ್ಕಿದರೆ ಅದು ವಾಸಿ.

ಅಡಿಕೆ ತೋಟದವರ ಹತ್ತಿರ ಇನ್ನೊಂದು ಮದ್ದು ಮೊದಲೇ ಇದೆ. ಕೊಳೆರೋಗಕ್ಕೆ ಬಿಡುವ ಬೋರ್ಡೊ ದ್ರಾವಣ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿದ್ದು. ರಕ್ತಕ್ಕೆ ತಾಮ್ರ ಬೇಕೇ ಬೇಕಾದ ಈ ಪ್ರಾಣಿಗೆ ಚರ್ಮಕ್ಕೆ ತಾಗುವ ತಾಮ್ರ ಸಹಿಸಲಾಗದು. ದ್ರಾವಣವನ್ನು ಗಟ್ಟಿಯಾಗಿ ಕಲಸಿ ಪಪ್ಪಾಯಿ, ಅಡಿಕೆ, ನಿಂಬೆ ಗಿಡದ ಕಾಂಡಕ್ಕೆ ಒಂದು ಗೇಣು ಅಗಲಕ್ಕೆ ಬಳಿಯಿರಿ. ದಾಟಿ ಮೇಲೆ ಹತ್ತಲು ಹಿಂಜರಿಯುತ್ತದೆ. ಬಸಳೆ ಚಪ್ಪರದ ಗೂಟಗಳಿಗೂ ಬಳಿಯಬಹುದು, ಬಳ್ಳಿಗೆ ಬೇಡ.

ಮೊಟ್ಟೆ ಮತ್ತು ಖಾಲಿ ಚಿಪ್ಪು

ಮಳೆ ಹಿಡಿದ ಮೇಲೆ ತಿಂದು ಕೊಬ್ಬಿದ ಹುಳು ಗ್ಯಾಲಕ್ಟೋಜನ್ ಎಂಬ ಸಕ್ಕರೆಯನ್ನು ಕೂಡಿಡುತ್ತದೆ. ಅದು ಮೊಟ್ಟೆಯೊಳಗಿನ ಮರಿಗೆ ಬುತ್ತಿ. ಒಂದೇ ಹುಳು ಗಂಡೂ ಹೌದು ಹೆಣ್ಣೂ ಹೌದು, ಒಂದು ಸಲಕ್ಕೆ ನೂರು, ಇನ್ನೂರು ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ಇಂಚು ಕೆಳಗೆ ಇಡುತ್ತದೆ. ಸಾಬಕ್ಕಿಗಿಂತ ಸ್ವಲ್ಪ ದೊಡ್ಡದು, ಹಳದಿ ಬಿಳುಪು. ಮೊಟ್ಟೆಗೆ ಪೊರೆ ಕಟ್ಟಲು ಬರುವುದಿಲ್ಲ, ಕಿಣ್ವ ತಗ್ಗಿಸಿ ಕಾಯಲೂ ಬರುವುದಿಲ್ಲ. ಬಿಸಿಲಿಗೆ ಬಿದ್ದರೆ ಒಣಗಿ ಹೋಗುತ್ತದೆ. ಜುಲೈ ಆಗಸ್ಟಿನಲ್ಲಿ ಎರಡು ದಿನ ಬಿಸಿಲು ಬಂದಾಗ ಮಡಿಯ ಅಂಚು, ಗೊಬ್ಬರ ರಾಶಿಯ ಬುಡ, ಸಡಿಲ ಮಣ್ಣಿನ ಕಡೆ ಹಾರೆಯಿಂದ ಮೇಲೆ ಕೆಳಗೆ ಮಾಡಿ ಬಿಡಿ. ಗೊಂಚಲು ಸಿಕ್ಕಿದರೆ ಕುದಿಯುವ ನೀರಿಗೆ.

ಸತ್ತ ಹುಳುಗಳನ್ನು ಬಾವಿಯಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ ಹೂಳಿ, ಮೇಲೆ ಸುಣ್ಣ ಉದುರಿಸಿ. ಖಾಲಿ ಚಿಪ್ಪುಗಳನ್ನು ಹಿತ್ತಲಲ್ಲಿ ಬಿಡಬೇಡಿ. ಬಾಯಿ ಮೇಲಾಗಿ ಬಿದ್ದ ಚಿಪ್ಪಿನಲ್ಲಿ ಮಳೆ ನೀರು ನಿಲ್ಲುತ್ತದೆ, ಅದರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಗುದ್ದಿ ಪುಡಿ ಮಾಡಿ ತೆಂಗಿನ ಬುಡಕ್ಕೆ ಹಾಕಿದರೆ ನಮ್ಮ ಹುಳಿ ಮಣ್ಣಿಗೆ ಸ್ವಲ್ಪ ಸುಣ್ಣವಾದರೂ ಸಿಗುತ್ತದೆ. ಗುದ್ದುವಾಗ ಗ್ಲೌಸ್ ಹಾಕಿಕೊಳ್ಳಿ, ಅಂಚು ಗಾಜಿಗಿಂತ ಕಡಿಮೆಯಿಲ್ಲ.